ಬಿಳಿ ಬಟ್ಟೆಯ ಖಳರು, ಕಪ್ಪು ಟೋಪಿಯ ನಾಯಕರು

(ಸಿನಿಮಾ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಿನಿಮಾದಲ್ಲಿ ಕಪ್ಪು-ಬಿಳುಪಿನ ಅರ್ಥ ಏನು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಒಂದೇ ಉತ್ತರ ಕೊಡುತ್ತಾರೆ. ಬಿಳಿ ಒಳ್ಳೆಯದು, ಕಪ್ಪು ಕೆಟ್ಟದ್ದು. ಬೆಳಕು ದೇವರು, ಕತ್ತಲೆ ದೆವ್ವ. ಮುಗೀತು, ಇನ್ನು ಮನೆಗೆ ಹೋಗಬಹುದು.

ಈ ಉತ್ತರ ಪೂರ್ತಿ ಸುಳ್ಳೇನಲ್ಲ. ಆದರೆ ಪಂಚಾಂಗ ನೋಡಿ ಮುಹೂರ್ತ ಹೇಳಿದ ಹಾಗೆ ಬಣ್ಣ ನೋಡಿ ಅರ್ಥ ಹೇಳುವ ಈ ಅಭ್ಯಾಸದಿಂದ ಒಳ್ಳೆಯ ಸಿನಿಮಾಗಳು ನಮ್ಮ ಕಣ್ಣೆದುರೇ ತಪ್ಪಿಸಿಕೊಂಡು ಹೋಗುತ್ತವೆ. ನಾನು ಇವತ್ತು ಹೇಳೋದು ಇಷ್ಟೇ: ಕಪ್ಪಿಗಾಗಲಿ ಬಿಳುಪಿಗಾಗಲಿ ಸ್ವಂತ ಅರ್ಥ ಅಂತ ಒಂದಿಲ್ಲ. ಪ್ರತಿ ಸಿನಿಮಾ ತನ್ನ ಅರ್ಥವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದನ್ನು ಎಲ್ಲಿ ಮುರಿಯುತ್ತದೆ, ಎಲ್ಲಿ ತಲೆಕೆಳಗು ಮಾಡುತ್ತದೆ ಅನ್ನೋದೇ ನೋಡಬೇಕಾದ ಜಾಗ.

ನಿಮಗೆಲ್ಲ ಗೊತ್ತಿರುವ ಸಿನಿಮಾದಿಂದಲೇ ಶುರು ಮಾಡೋಣ. 1977ರ 'ಸ್ಟಾರ್ ವಾರ್ಸ್'. ಕಪ್ಪು ಅಂದರೆ ಕೆಟ್ಟದ್ದು ಅನ್ನೋರೆಲ್ಲ ಡಾರ್ತ್ ವೇಡರ್‌ನನ್ನು ತೋರಿಸುತ್ತಾರೆ. ಸರಿ, ಆತ ಅಡಿಯಿಂದ ಮುಡಿಯವರೆಗೆ ಕಪ್ಪು. ಆದರೆ ಅವನಿಗಿಂತ ಮುಂಚೆ ಬಾಗಿಲು ಒಡೆದು ಗುಂಡು ಹಾರಿಸುತ್ತಾ ಒಳಗೆ ನುಗ್ಗೋರು ಯಾರು? ಅವನ ಸೈನಿಕರು. ಅವರ ಕವಚ ಹಾಲಿನಷ್ಟು ಬಿಳಿ. ಅವರು ನುಗ್ಗುವ ಹಡಗಿನ ಗೋಡೆಗಳೂ ಬಿಳಿ, ಅವರು ಹಿಡಿದು ಬಂಧಿಸುವ ರಾಜಕುಮಾರಿಯ ಉಡುಪೂ ಬಿಳಿ. ಒಂದೇ ದೃಶ್ಯದಲ್ಲಿ ಒಂದು ಬಿಳಿ ಮುಗ್ಧತೆ, ಇನ್ನೊಂದು ಬಿಳಿ ಮುಖವಿಲ್ಲದ ಯಂತ್ರ. ಇಷ್ಟು ಸರಳ ಅನ್ನಿಸಿಕೊಂಡ ಸಿನಿಮಾದಲ್ಲೇ ಆ ಸೂತ್ರ ನಿಲ್ಲೋದಿಲ್ಲ, ಅಲ್ವಾ?

ಕೌಬಾಯ್ ಸಿನಿಮಾಗಳ ಕತೆಯೂ ಹೀಗೇ. ನಾಯಕನಿಗೆ ಬಿಳಿ ಟೋಪಿ, ಖಳನಿಗೆ ಕಪ್ಪು ಟೋಪಿ ಅಂತ ಒಂದು ಮಾತು ಇದೆ. ಆದರೆ ಆ ಕಾಲದ ಮಕ್ಕಳ ಮೆಚ್ಚಿನ ಹೀರೋ ಹೋಪಲಾಂಗ್ ಕ್ಯಾಸಿಡಿ ಹಾಕುತ್ತಿದ್ದದ್ದು ಕಪ್ಪು ಬಟ್ಟೆ, ಕಪ್ಪು ಟೋಪಿ. ಬಿಳಿಯಾಗಿದ್ದದ್ದು ಅವನ ಕುದುರೆ. 1952ರ 'ಹೈ ನೂನ್' ತಗೊಳ್ಳಿ. ಊರಿನವರೆಲ್ಲ ಕೈಬಿಟ್ಟ ಮೇಲೂ ಒಬ್ಬನೇ ನಿಂತು ಹೋರಾಡುವ ಮಾರ್ಷಲ್ ಪಾತ್ರದಲ್ಲಿ ಗ್ಯಾರಿ ಕೂಪರ್ ತಲೆ ಮೇಲಿರೋದು ಕಪ್ಪು ಟೋಪಿಯೇ.

ಆ ಸಿನಿಮಾದಲ್ಲಿ ಟೋಪಿಗಿಂತ ನನಗೆ ಹಿಡಿಸೋದು ಆಕಾಶ. ಆ ಕಾಲದಲ್ಲಿ ಬಯಲು ಚಿತ್ರಿಸುವಾಗ ಕ್ಯಾಮೆರಾ ಮುಂದೆ ಕೆಂಪು ಅಥವಾ ಹಳದಿ ಫಿಲ್ಟರ್ ಹಾಕುವ ರೂಢಿ ಇತ್ತು. ಆಗ ನೀಲಿ ಆಕಾಶ ಕಡುಬೂದು ಆಗುತ್ತೆ, ಬಿಳಿ ಮೋಡಗಳು ಎದ್ದು ಕಾಣುತ್ತವೆ, ನೋಡೋಕೆ ಚೆಂದ. 'ಹೈ ನೂನ್' ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಫಿಲ್ಟರ್ ಹಾಕಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದ ಹಳೆಯ ಫೋಟೋಗಳಂತೆ ಕಾಣಬೇಕು ಅನ್ನೋದು ಅವರ ಮತ್ತು ನಿರ್ದೇಶಕ ಫ್ರೆಡ್ ಜಿನ್ನೆಮನ್ ಯೋಚನೆ. ಹಾಗಾಗಿ ಆಕಾಶ ಒಂದು ಖಾಲಿ ಬಿಳಿ ಹಾಳೆಯಾಯಿತು. ಮೋಡ ಇಲ್ಲ, ನೆರಳು ಇಲ್ಲ. ಅದರ ಕೆಳಗೆ ಕಪ್ಪು ಟೋಪಿಯ ಒಬ್ಬ ಮನುಷ್ಯ, ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲದೆ ಬೀದಿಯಲ್ಲಿ ನಡೆಯುತ್ತಾನೆ. ಇಲ್ಲಿ ಬಿಳುಪು ಅಂದರೆ ದಿಕ್ಕಿಲ್ಲದಿರುವುದು.

ಈಗ ನನ್ನ ಮುಖ್ಯ ಸಾಕ್ಷಿಗೆ ಬರುತ್ತೇನೆ. ಸರ್ಗೇಯ್ ಐಸೆನ್‌ಸ್ಟೈನ್. ರಷ್ಯಾದ ಈ ನಿರ್ದೇಶಕ 1929ರಲ್ಲಿ 'ಹಳತು ಮತ್ತು ಹೊಸತು' ಅಂತ ಹಳ್ಳಿಯ ಬದುಕಿನ ಬಗ್ಗೆ ಒಂದು ಸಿನಿಮಾ ಮಾಡಿದರು. ಅದರಲ್ಲಿ ಕಪ್ಪು ಅಂದರೆ ಹಿಂದುಳಿದದ್ದು, ಕೇಡು, ಹಳೆಯದು. ಬಿಳಿ ಅಂದರೆ ಖುಷಿ, ಜೀವ, ಹೊಸ ವ್ಯವಸಾಯ. ನಾವು ನಿರೀಕ್ಷಿಸುವ ಹಾಗೇ ಇದೆ. ಒಂಬತ್ತು ವರ್ಷ ಬಿಟ್ಟು 1938ರಲ್ಲಿ ಅದೇ ಮನುಷ್ಯ 'ಅಲೆಕ್ಸಾಂಡರ್ ನೆವ್‌ಸ್ಕಿ' ಮಾಡಿದಾಗ ಎಲ್ಲ ತಿರುಗಿಸಿಬಿಟ್ಟರು. ರಷ್ಯಾದ ಮೇಲೆ ದಂಡೆತ್ತಿ ಬರುವ ಜರ್ಮನ್ ಟ್ಯೂಟಾನಿಕ್ ಯೋಧರಿಗೆ ಬಿಳಿ ನಿಲುವಂಗಿ. ಮಕ್ಕಳನ್ನು ಬೆಂಕಿಗೆ ಎಸೆಯುವವರು ಅವರು. ನಾಡು ಕಾಯುವ ರಷ್ಯನ್ನರು ಕಪ್ಪು. ಸಿನಿಮಾ ಬಂದಾಗ ಹೊರದೇಶದ ವಿಮರ್ಶಕರು ಇದೇನಿದು ಅಂತ ಆಶ್ಚರ್ಯಪಟ್ಟರು. ಐಸೆನ್‌ಸ್ಟೈನ್ ಆಮೇಲೆ ಈ ಬಗ್ಗೆ ಬರೆದಾಗ ಅವರ ವಾದ ಸ್ಪಷ್ಟವಾಗಿತ್ತು: ಬಣ್ಣಕ್ಕೂ ಅರ್ಥಕ್ಕೂ ಹುಟ್ಟಿನಿಂದ ಬಂದ ಸಂಬಂಧ ಏನೂ ಇಲ್ಲ, ಆ ಕೃತಿಯೊಳಗಿನ ಚಿತ್ರಗಳ ಸಂಬಂಧವೇ ಅದನ್ನು ನಿರ್ಧರಿಸುತ್ತೆ.

ಹಾಗಂತ ಅವರು ಮನಸ್ಸಿಗೆ ಬಂದ ಹಾಗೆ ಬಣ್ಣ ಬದಲಾಯಿಸಿದ್ದಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುವ ಯುದ್ಧ ನೆನಪಿಸಿಕೊಳ್ಳಿ. ನೆಲ ಬಿಳಿ. ದೂರದಿಂದ ಬರುವ ಶತ್ರುಗಳೂ ಬಿಳಿ. ಶಿರಸ್ತ್ರಾಣಗಳಲ್ಲಿ ಕಣ್ಣಿಗೆ ಸೀಳು ಬಿಟ್ಟರೆ ಬೇರೇನೂ ಇಲ್ಲ, ಮುಖ ಕಾಣೋದಿಲ್ಲ. ಆ ತಣ್ಣನೆಯ ನೆಲವೇ ಎದ್ದು ನಮ್ಮ ಕಡೆ ನುಗ್ಗುತ್ತಿದೆಯೇನೋ ಅನ್ನಿಸುತ್ತೆ. ಇತ್ತ ರಷ್ಯನ್ನರ ಮುಖ ಕಾಣುತ್ತೆ, ಗಡ್ಡ ಕಾಣುತ್ತೆ, ಕಪ್ಪು ಗುಂಪಾದರೂ ಅದರಲ್ಲಿ ಒಬ್ಬೊಬ್ಬರೂ ಬೇರೆ ಬೇರೆ. ಕಪ್ಪು ಇಲ್ಲಿ ಮಣ್ಣು, ಮೈಬಿಸಿ. ಇನ್ನೊಂದು ತಮಾಷೆ ಏನು ಗೊತ್ತಾ, ಆ ಚಳಿಗಾಲವನ್ನೆಲ್ಲ ಚಿತ್ರಿಸಿದ್ದು ಬೇಸಿಗೆಯಲ್ಲಿ. ಹಿಮ, ಮಂಜುಗಡ್ಡೆ ಎಲ್ಲ ನಕಲಿ. ಅಂದರೆ ಆ ಬಿಳುಪನ್ನು ಅವರು ತಯಾರು ಮಾಡಿಸಿಕೊಂಡರು, ಸುಮ್ನೆ ಸಿಕ್ಕಿದ್ದಲ್ಲ.

ಇಲ್ಲಿ ಸ್ವಲ್ಪ ತಂತ್ರಜ್ಞಾನದ ಮಾತು ಆಡಲೇಬೇಕು. ಬೇಸರ ಆಗೋದಿಲ್ಲ, ನೋಡಿ.

ಮೂಕಿ ಚಿತ್ರಗಳ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಅಂತ ಅದರ ಹೆಸರು. ನೀಲಿ ಅದಕ್ಕೆ ಬಿಳಿ, ಕೆಂಪು ಅದಕ್ಕೆ ಕಪ್ಪು. ಹಾಗಾಗಿ ನೀಲಿ ಕಣ್ಣಿನ ನಟರ ಕಣ್ಣುಗಳು ಭೂತದ ಕಣ್ಣಿನಂತೆ ಬಿಳಿಚಿಕೊಳ್ಳುತ್ತಿದ್ದವು, ಕೆಂಪು ತುಟಿ ಮಸಿ ಬಳಿದ ಹಾಗೆ ಕಾಣುತ್ತಿತ್ತು. ಹಳೆಯ ಚಿತ್ರಗಳ ಮುಖಗಳು ನಮಗೆ ವಿಚಿತ್ರ ಅನ್ನಿಸೋದಕ್ಕೆ ಇದೂ ಒಂದು ಕಾರಣ. 1920ರ ದಶಕದ ಕೊನೆಗೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ರೂಢಿಗೆ ಬಂತು. ಅಲ್ಲಿಯವರೆಗೆ ಕ್ಯಾಮೆರಾ ನೋಡುತ್ತಿದ್ದ ಲೋಕವೇ ಬೇರೆ, ನಾವು ನೋಡುತ್ತಿದ್ದ ಲೋಕವೇ ಬೇರೆ.

ಐಸೆನ್‌ಸ್ಟೈನ್ ಅವರದೇ 1925ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್'ನಲ್ಲಿ ಹಡಗಿನ ಮೇಲೆ ಕೆಂಪು ಬಾವುಟ ಹಾರಬೇಕು. ಕ್ರಾಂತಿಯ ಬಾವುಟ. ಆದರೆ ಕೆಂಪು ಬಟ್ಟೆ ಹಾರಿಸಿದರೆ ಫಿಲ್ಮಿನಲ್ಲಿ ಬರೋದು ಕಪ್ಪು ಬಾವುಟ. ಅದಕ್ಕೆ ಅವರು ಬಿಳಿ ಬಾವುಟ ಹಾರಿಸಿ ಚಿತ್ರಿಸಿದರು, ಆಮೇಲೆ ಪ್ರಿಂಟಿನಲ್ಲಿ ಒಂದೊಂದೇ ಫ್ರೇಮಿಗೆ ಕೈಯಿಂದ ಕೆಂಪು ಬಳಿದರು. ಶರಣಾಗತಿಯ ಬಿಳಿ ಬಾವುಟವೇ ತೆರೆಯ ಮೇಲೆ ಕ್ರಾಂತಿಯ ಬಾವುಟವಾಯಿತು!

1931ರ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಇನ್ನೂ ಚೆನ್ನಾಗಿದೆ. ಒಳ್ಳೆಯ ವೈದ್ಯ ಕ್ಯಾಮೆರಾ ಮುಂದೆಯೇ, ಕಟ್ ಇಲ್ಲದೆ, ರಾಕ್ಷಸನಾಗಿ ಬದಲಾಗಲು ಶುರುವಾಗುತ್ತಾನೆ. ಹೇಗೆ? ನಟನ ಮುಖದ ಮೇಲೆ ಮೊದಲೇ ಕೆಂಪು ಬಣ್ಣದಲ್ಲಿ ಗೆರೆಗಳನ್ನು ಬರೆದಿದ್ದರು. ಕ್ಯಾಮೆರಾ ಮುಂದೆ ಕೆಂಪು ಫಿಲ್ಟರ್ ಇದ್ದಾಗ ಆ ಗೆರೆಗಳು ಕಾಣೋದಿಲ್ಲ. ಫಿಲ್ಟರ್ ಮೆಲ್ಲಗೆ ಬದಲಾಯಿಸಿದರೆ ಅದೇ ಗೆರೆಗಳು ಕಪ್ಪಾಗಿ ಮುಖದಲ್ಲಿ ಮೂಡುತ್ತವೆ. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಅವರ ಕೈಚಳಕ ಇದು. ಒಳ್ಳೆಯವನ ಮುಖದಲ್ಲಿ ಕೆಟ್ಟವನು ಮೊದಲಿನಿಂದಲೂ ಇದ್ದ, ನಮಗೆ ಕಾಣುತ್ತಿರಲಿಲ್ಲ ಅಷ್ಟೇ. ಇಷ್ಟು ಅಚ್ಚುಕಟ್ಟಾಗಿ ಒಂದು ಕತೆಯ ತಿರುಳು ಒಂದು ಟ್ರಿಕ್ಕಿನೊಳಗೆ ಕೂತಿರೋದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂದ ಹಾಗೆ, ನೀವು ಹಳೆಯ ಸಿನಿಮಾಗಳಲ್ಲಿ ನೋಡುವ ಬಿಳಿ ಅಂಗಿ ಎಷ್ಟೋ ಸಲ ಬಿಳಿಯಾಗಿರಲಿಲ್ಲ. ನಿಜವಾದ ಬಿಳಿ ಬಟ್ಟೆ ದೀಪದಡಿ ಕಣ್ಣು ಕುಕ್ಕುತ್ತೆ, ಹಾಗಾಗಿ ತಿಳಿ ಹಳದಿಯನ್ನೋ ತಿಳಿ ನೀಲಿಯನ್ನೋ ಹಾಕಿಸುತ್ತಿದ್ದರು. ಕೆಂಪೂ ಹಸಿರೂ ಒಮ್ಮೊಮ್ಮೆ ಒಂದೇ ಬೂದು ಆಗುವುದರಿಂದ ಕಲಾ ನಿರ್ದೇಶಕರು ಗೋಡೆಗೆ ಯಾವ ಬಣ್ಣ ಅನ್ನೋದನ್ನು ತಲೆಕೆಡಿಸಿಕೊಂಡು ಆರಿಸುತ್ತಿದ್ದರು. ತೆರೆಯ ಕಪ್ಪು-ಬಿಳುಪಿನ ಹಿಂದೆ ಸೆಟ್ಟಿನಲ್ಲಿ ಯಾವಾಗಲೂ ಬಣ್ಣ ಇತ್ತು.

ಈಗ ನೆರಳಿಗೆ ಬರೋಣ. ಜರ್ಮನಿಯವರು ಇದರಲ್ಲಿ ಗುರುಗಳು. 1920ರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ'ಯಲ್ಲಿ ನೆರಳುಗಳನ್ನು ಸೆಟ್ಟಿನ ಮೇಲೆ ಬಣ್ಣದಿಂದಲೇ ಬರೆದುಬಿಟ್ಟಿದ್ದರು. ದೀಪ ಎಲ್ಲಿದ್ದರೂ ಆ ನೆರಳು ಅಲುಗೋದಿಲ್ಲ. ಹುಚ್ಚಿನ ಲೋಕಕ್ಕೆ ಅದು ಸರಿಹೊಂದುತ್ತೆ. 1922ರ 'ನೊಸ್ಫೆರಾಟು'ನಲ್ಲಿ ರಕ್ತಪಿಶಾಚಿಯ ನೆರಳು ಮೆಟ್ಟಿಲು ಹತ್ತುವ ಶಾಟ್ ನೀವೆಲ್ಲ ನೋಡಿರುತ್ತೀರಿ, ಅದರ ಬಗ್ಗೆ ನಾನು ಹೇಳೋದಿಲ್ಲ. ಅದೇ ಸಿನಿಮಾದಲ್ಲಿ ಇನ್ನೊಂದು ಜಾಗ ಇದೆ. ನಾಯಕ ಗಾಡಿಯಲ್ಲಿ ಪಿಶಾಚಿಯ ಕೋಟೆಗೆ ಹೋಗುವಾಗ ಒಂದು ಕಾಡು ಬರುತ್ತೆ. ನಿರ್ದೇಶಕ ಮುರ್ನೌ ಅಲ್ಲಿ ನೆಗೆಟಿವ್ ಫಿಲ್ಮನ್ನೇ ತೋರಿಸಿದರು. ಮರಗಳು ಬಿಳಿ, ಆಕಾಶ ಕಪ್ಪು. ಪಿಶಾಚಿಯ ಲೋಕಕ್ಕೆ ದಾಟಿದ್ದು ನಮಗೆ ಗೊತ್ತಾಗೋದು ಕತ್ತಲಾದದ್ದರಿಂದ ಅಲ್ಲ, ಕಪ್ಪೂ ಬಿಳುಪೂ ಜಾಗ ಬದಲಾಯಿಸಿಕೊಂಡದ್ದರಿಂದ. ನೂರು ವರ್ಷದ ಹಿಂದೆಯೇ ಈ ಯೋಚನೆ ಬಂದಿತ್ತು ಅನ್ನೋದು ನನಗೆ ಈಗಲೂ ಸೋಜಿಗ.

ಫ್ರಿಟ್ಜ್ ಲ್ಯಾಂಗ್ ಅವರ 1931ರ 'ಎಂ'ನಲ್ಲಿ ಮಕ್ಕಳ ಕೊಲೆಗಾರ ಮೊದಲ ಸಲ ಬರೋದು ನೆರಳಾಗಿ. ಒಂದು ಹುಡುಗಿ ಪೋಸ್ಟರ್ ಅಂಟಿಸುವ ಕಂಬಕ್ಕೆ ಚೆಂಡು ಹೊಡೆಯುತ್ತಾ ಆಡುತ್ತಿದ್ದಾಳೆ. ಅಲ್ಲಿ ಅಂಟಿಸಿರೋದು ಕೊಲೆಗಾರನನ್ನು ಹಿಡಿದುಕೊಟ್ಟರೆ ಬಹುಮಾನ ಅನ್ನುವ ಪೋಸ್ಟರ್. ಆ ಪೋಸ್ಟರಿನ ಮೇಲೆಯೇ ಟೋಪಿ ಹಾಕಿದ ಒಂದು ತಲೆಯ ನೆರಳು ಬೀಳುತ್ತೆ. ಹೇಳಬೇಕಾದದ್ದೆಲ್ಲ ಒಂದೇ ಶಾಟಿನಲ್ಲಿ ಮುಗಿಯಿತು. 1949ರ 'ದಿ ಥರ್ಡ್ ಮ್ಯಾನ್' ಇದನ್ನೇ ತಿರುಗಿಸುತ್ತದೆ. ಸತ್ತ ಅಂದುಕೊಂಡ ಗೆಳೆಯ ಒಂದು ಬಾಗಿಲ ಕತ್ತಲಲ್ಲಿ ನಿಂತಿದ್ದಾನೆ. ಎದುರುಮನೆಯಲ್ಲಿ ಯಾರೋ ದೀಪ ಹಾಕುತ್ತಾರೆ, ಆ ಬೆಳಕು ನೇರ ಅವನ ಮುಖಕ್ಕೆ ಬೀಳುತ್ತೆ. ಆ ಗೆಳೆಯನ ಪಾತ್ರದ ಆರ್ಸನ್ ವೆಲ್ಸ್ ತುಂಟತನದಿಂದ ನಗುತ್ತಾರೆ. ಸತ್ಯ ಬೆಳಕಿಗೆ ಬಂತು, ನಿಜ. ಆದರೆ ಬೆಳಕಿಗೆ ಬಂದ ಮನುಷ್ಯ ಎಂಥವನು ಅಂದರೆ ಕಲಬೆರಕೆ ಪೆನಿಸಿಲಿನ್ ಮಾರಿ ಮಕ್ಕಳನ್ನು ಕೊಂದವನು. ಮತ್ತೆ ಆ ಕ್ಷಣದಲ್ಲಿ ನಮಗೆ ಅವನು ಇಷ್ಟವಾಗಿಬಿಡುತ್ತಾನೆ. ಅದೇ ಆ ದೃಶ್ಯದ ಕಿತಾಪತಿ.

1940ರ ದಶಕದ ಅಮೆರಿಕದ ಅಪರಾಧ ಚಿತ್ರಗಳು, ಆಮೇಲೆ ನೊಆರ್ ಅಂತ ಹೆಸರು ಪಡೆದವು, ಅವುಗಳ ಬಗ್ಗೆ ಎಲ್ಲರೂ ಕತ್ತಲೆ ಕತ್ತಲೆ ಅಂತಾರೆ. ನಾನು ಬಿಳಿ ಬಟ್ಟೆ ನೋಡಿ ಅಂತೀನಿ. 1946ರ 'ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್'ನಲ್ಲಿ ಗಂಡನನ್ನು ಕೊಲ್ಲಲು ಸಂಚು ಮಾಡುವ ಹೆಂಡತಿ ಲಾನಾ ಟರ್ನರ್. ಮೊದಲ ಸಲ ತೆರೆಗೆ ಬರುವಾಗ ತಲೆಯ ರುಮಾಲಿನಿಂದ ಕಾಲಿನವರೆಗೆ ಬಿಳಿ. ಇಡೀ ಸಿನಿಮಾದಲ್ಲಿ ಬೆರಳೆಣಿಕೆಯ ದೃಶ್ಯ ಬಿಟ್ಟರೆ ಬಿಳಿಯೇ. ಅದು ಆಕೆಯ ಮುಗ್ಧತೆಯಾ? ಮುಖವಾಡವಾ? ಅಥವಾ ಆ ಮಂಕು ಬಡಿದ ಹೋಟೆಲಿನಲ್ಲಿ ಅವಳೊಬ್ಬಳೇ ಹೊಳೆಯುತ್ತಿದ್ದಾಳೆ ಅಂತ ನಾಯಕನ ಕಣ್ಣಿಗೆ ಕಾಣೋದಾ? ನನ್ನ ಓಟು ಮೂರನೆಯದಕ್ಕೆ.

ನಿರ್ದೇಶಕ ಹಿಚ್‌ಕಾಕ್ ಇಷ್ಟು ಸೂಕ್ಷ್ಮಕ್ಕೆ ಹೋಗೋದಿಲ್ಲ. 1960ರ 'ಸೈಕೋ'ದಲ್ಲಿ ನಾಯಕಿ ಹಣ ಕದಿಯುವ ಮುಂಚೆ ಬಿಳಿ ಒಳಉಡುಪು, ಬಿಳಿ ಪರ್ಸ್. ಕದ್ದ ಮೇಲೆ ಒಳಉಡುಪೂ ಕಪ್ಪು, ಪರ್ಸೂ ಕಪ್ಪು. ಪಾಠ ಮಾಡುವವರಿಗೆ ಇದು ಬಹಳ ಅನುಕೂಲ, ಎಲ್ಲ ತರಗತಿಗಳಲ್ಲೂ ಇದನ್ನೇ ಹೇಳುತ್ತಾರೆ. ನನಗೆ ಇದು ಸ್ವಲ್ಪ ಸಪ್ಪೆ. ಅದಕ್ಕಿಂತ ಆ ಸ್ನಾನದ ಕೋಣೆ ನೋಡಿ. ಆಕೆ ಹಣ ವಾಪಸ್ ಕೊಡಬೇಕು ಅಂತ ತೀರ್ಮಾನ ಮಾಡಿಯಾಗಿದೆ. ಕಣ್ಣು ಕುಕ್ಕುವಷ್ಟು ಬಿಳಿಯ ಟೈಲ್ಸ್, ನೀರು, ಪಾಪ ತೊಳೆದುಕೊಂಡಂತೆ ಮುಖದಲ್ಲಿ ನೆಮ್ಮದಿ. ಎಲ್ಲಿ ಸುರಕ್ಷಿತ ಅನ್ನಿಸುತ್ತೋ ಆ ಬಿಳುಪಿನಲ್ಲೇ ಕಪ್ಪು ಆಕೃತಿ ಚಾಕು ಹಿಡಿದು ಬರುತ್ತೆ. ಹರಿಯುವ ರಕ್ತ ನಿಜವಾಗಿ ಚಾಕೊಲೇಟ್ ಸಿರಪ್. ಕೆಂಪು ರಕ್ತವಾಗಿದ್ದರೆ ಜನ ಅದನ್ನು ತಡೆದುಕೊಳ್ಳುತ್ತಿರಲಿಲ್ಲ ಅಂತಲೇ ಹಿಚ್‌ಕಾಕ್ ಕಪ್ಪು-ಬಿಳುಪು ಆರಿಸಿಕೊಂಡದ್ದು, ಖರ್ಚು ಕಮ್ಮಿ ಅನ್ನೋದೂ ಒಂದು ಕಾರಣ.

ಇನ್ನು ನನ್ನ ಅತ್ಯಂತ ಮೆಚ್ಚಿನ ದೃಶ್ಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1955ರ 'ದಿ ನೈಟ್ ಆಫ್ ದಿ ಹಂಟರ್'. ನಟ ಚಾರ್ಲ್ಸ್ ಲಾಟನ್ ನಿರ್ದೇಶಿಸಿದ ಒಂದೇ ಒಂದು ಸಿನಿಮಾ, ಛಾಯಾಗ್ರಾಹಕರು ಸ್ಟ್ಯಾನ್ಲಿ ಕಾರ್ಟೆಜ್. ಧರ್ಮಬೋಧಕನ ವೇಷದ ಕೊಲೆಗಾರ, ಮೈಮೇಲೆ ಕಪ್ಪು ಕೋಟು. ಒಂದು ಕೈಯ ಬೆರಳುಗಳ ಮೇಲೆ ಪ್ರೀತಿ, ಇನ್ನೊಂದು ಕೈಯ ಬೆರಳುಗಳ ಮೇಲೆ ದ್ವೇಷ ಅಂತ ಹಚ್ಚೆ. ಹಣಕ್ಕಾಗಿ ಇಬ್ಬರು ಮಕ್ಕಳ ಬೆನ್ನು ಹತ್ತಿದ್ದಾನೆ. ಮಕ್ಕಳು ಒಬ್ಬ ಅಜ್ಜಿಯ ಮನೆ ಸೇರಿದ್ದಾರೆ. ಲಿಲಿಯನ್ ಗಿಶ್ ಆ ಅಜ್ಜಿ. ರಾತ್ರಿ ಆತ ಹೊರಗೆ ದೀಪದ ಕಂಬದ ಹತ್ತಿರ ಕೂತು ಒಂದು ಭಜನೆ ಹಾಡುತ್ತಾನೆ. ಒಳಗೆ ಅಜ್ಜಿ ಕತ್ತಲಲ್ಲಿ ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ, ಅವಳ ಕಪ್ಪು ಆಕೃತಿ ಮಾತ್ರ ಕಾಣುತ್ತೆ. ನೋಡಿ, ಕೊಲೆಗಾರ ಬೆಳಕಿನಲ್ಲಿ, ಕಾಯುವವಳು ಕತ್ತಲಲ್ಲಿ. ಆಮೇಲೆ ಅಜ್ಜಿಯೂ ಅದೇ ಭಜನೆಗೆ ದನಿ ಸೇರಿಸುತ್ತಾಳೆ. ಇಬ್ಬರೂ ಒಟ್ಟಿಗೆ ಹಾಡುತ್ತಾರೆ, ಒಂದೇ ದೇವರ ಹಾಡು, ಮಧ್ಯೆ ಒಂದು ತೆಳು ಜಾಲರಿ.

ಅಷ್ಟರಲ್ಲಿ ಮನೆಯ ಹುಡುಗಿಯೊಬ್ಬಳು ಮೇಣದಬತ್ತಿ ಹಿಡಿದುಕೊಂಡು ಬರುತ್ತಾಳೆ. ಆ ಬೆಳಕು ಜಾಲರಿಯ ಮೇಲೆ ಬಿದ್ದ ಕೂಡಲೇ ಜಾಲರಿ ಬಿಳಿ ಪರದೆಯಾಗುತ್ತೆ, ಹೊರಗಿನದ್ದು ಏನೂ ಕಾಣೋದಿಲ್ಲ. ಅಜ್ಜಿ ಬತ್ತಿ ಆರಿಸುವಷ್ಟರಲ್ಲಿ ಆತ ಅಲ್ಲಿಲ್ಲ. ಬೆಳಕು ಬಂದದ್ದೇ ಕುರುಡು ಮಾಡಿತು. ಕತ್ತಲಿದ್ದಾಗಲೇ ಅವಳು ಕೇಡನ್ನು ಕಣ್ಣಿಟ್ಟು ಕಾಯುತ್ತಿದ್ದಳು. ಬೆಳಕು ತಂದವಳು ಯಾರು? ಆ ಬೋಧಕನ ಮೇಲೆ ಮನಸ್ಸಿಟ್ಟು, ಅವನ ಸವಿಮಾತಿಗೆ ಮರುಳಾದ ಹುಡುಗಿಯೇ. ಇಡೀ ಕ್ರೈಸ್ತ ಲೋಕ ಬೆಳಕಿನ ಬಗ್ಗೆ ಹೇಳಿಕೊಂಡು ಬಂದದ್ದನ್ನು ಒಂದು ಮೇಣದಬತ್ತಿಯಲ್ಲಿ ಪ್ರಶ್ನೆ ಮಾಡುತ್ತೆ ಈ ಸಿನಿಮಾ. ಅದೂ ದೇವರನ್ನು ನಂಬುವ ಅಜ್ಜಿಯನ್ನೇ ಗೆಲ್ಲಿಸುತ್ತಾ.

ಬಿಳುಪು ಕೊಲ್ಲುವುದನ್ನೂ ನೋಡಬೇಕಾ? ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ ಅವರ 1932ರ 'ವ್ಯಾಂಪೈರ್' ನೋಡಿ. ರಕ್ತಪಿಶಾಚಿಯ ಸಿನಿಮಾ, ಆದರೆ ಕತ್ತಲಿಲ್ಲ. ಎಲ್ಲ ಬೂದು ಮಬ್ಬು. ಅದಕ್ಕಾಗಿ ಕ್ಯಾಮೆರಾ ಮುಂದೆ ತೆಳು ಬಟ್ಟೆ ಕಟ್ಟಿ ಚಿತ್ರಿಸಿದರು. ಕೊನೆಗೆ ಪಿಶಾಚಿಗೆ ಸಹಾಯ ಮಾಡಿದ ಡಾಕ್ಟರ್ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಮೇಲಿಂದ ಬಿಳಿ ಹಿಟ್ಟು ಸುರಿಯುತ್ತಲೇ ಇರುತ್ತೆ, ಸೊಂಟಕ್ಕೆ, ಎದೆಗೆ, ಕುತ್ತಿಗೆಗೆ ಬರುತ್ತೆ, ಉಸಿರು ಕಟ್ಟುತ್ತೆ. ಅಷ್ಟು ಮೃದುವಾದ, ಅಷ್ಟು ಬಿಳಿಯಾದ ಸಾವು ಸಿನಿಮಾದಲ್ಲಿ ಇನ್ನೊಂದಿಲ್ಲ ಅನ್ಕೋತೀನಿ.

ಬರ್ಗ್‌ಮನ್ ಅವರ 1957ರ 'ದಿ ಸೆವೆಂತ್ ಸೀಲ್' ಬಗ್ಗೆ ಹೇಳದಿದ್ದರೆ ನೀವು ಬಿಡೋದಿಲ್ಲ. ಮನುಷ್ಯ ರೂಪದಲ್ಲಿ ಬಂದ ಸಾವಿನ ಜೊತೆ ಒಬ್ಬ ಯೋಧ ಚದುರಂಗ ಆಡುತ್ತಾನೆ. ಕಪ್ಪು ನಿಲುವಂಗಿಯ ಸಾವು, ಸುಣ್ಣ ಬಳಿದಂಥ ಬಿಳಿ ಮುಖ, ಎದುರಿಗೆ ಚದುರಂಗದ ಮಣೆ. ಕಾಯಿ ಆರಿಸುವಾಗ ಸಾವಿಗೆ ಕಪ್ಪು ಬರುತ್ತೆ, ತನಗೆ ಅದೇ ಸರಿಯಲ್ಲವೇ ಅಂತ ಸಾವೇ ಹೇಳುತ್ತೆ. ಸಂಕೇತ ತನ್ನನ್ನು ತಾನೇ ತಮಾಷೆ ಮಾಡಿಕೊಳ್ಳುವ ಜಾಗ ಅದು. ಜನ ಆ ಸಿನಿಮಾವನ್ನು ಯಾಕೆ ಅಷ್ಟು ಗಂಭೀರವಾಗಿ ನೋಡುತ್ತಾರೋ.

ಇಲ್ಲಿಯವರೆಗೆ ಆಟದ ಹಾಗೆ ಮಾತಾಡಿದೆ. ಆದರೆ ಈ ಸಂಕೇತ ಜನರ ಮೈಮೇಲೆ ಬಿದ್ದಾಗ ಆಟವಾಗಿ ಉಳಿಯೋದಿಲ್ಲ. 1915ರ 'ದಿ ಬರ್ತ್ ಆಫ್ ಎ ನೇಷನ್'ನಲ್ಲಿ ಡಿ. ಡಬ್ಲ್ಯು. ಗ್ರಿಫಿತ್, ಬಿಳಿಯರೇ ಮೇಲು ಅಂತ ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಅಮೆರಿಕದ ಗುಂಪು ಕು ಕ್ಲಕ್ಸ್ ಕ್ಲಾನ್‌ನವರನ್ನು ಬಿಳಿ ನಿಲುವಂಗಿಯಲ್ಲಿ ಕುದುರೆ ಮೇಲೆ ರಕ್ಷಕರಂತೆ ಓಡಿಸಿದರು. ಕೆಡುಕರು ಅಂತ ತೋರಿಸಿದ್ದು ಕರಿಯ ಜನರನ್ನು. ಮುಖ್ಯವಾದ ಅಂಥ ಪಾತ್ರಗಳನ್ನು ಮಾಡಿದ್ದು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು. ಬಿಳಿ ಒಳ್ಳೆಯದು, ಕಪ್ಪು ಕೆಟ್ಟದ್ದು ಅನ್ನುವ ಸೂತ್ರವನ್ನು ಒಂದು ಚೂರೂ ಅನುಮಾನ ಇಲ್ಲದೆ ನಂಬಿದ ಸಿನಿಮಾ ಅಂದರೆ ಇದು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ಆಗಲೇ ಪ್ರತಿಭಟನೆ ಮಾಡಿತು. ಸತ್ತುಹೋಗಿದ್ದ ಕ್ಲಾನ್ ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು, ಅದಕ್ಕೆ ಈ ಸಿನಿಮಾ ಬಲ ಕೊಟ್ಟಿತು. ಎಡಿಟಿಂಗ್ ಕಲಿಸಲು ಈ ಸಿನಿಮಾ ತೋರಿಸುವವರು ಇದನ್ನೂ ಜೊತೆಗೇ ಹೇಳಬೇಕು. ಸೂತ್ರವನ್ನು ಮುರಿಯುವ ಸಿನಿಮಾಗಳನ್ನು ನಾನು ಇಷ್ಟು ಹೊತ್ತು ಹೊಗಳಿದ್ದಕ್ಕೆ ಇದೂ ಕಾರಣ.

ಹಿಂದಿ ಸಿನಿಮಾಕ್ಕೆ ಬಂದರೆ ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿ ಅವರನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ಗುರುದತ್ ಅವರ ಛಾಯಾಗ್ರಾಹಕ. 1957ರ 'ಪ್ಯಾಸಾ'ದಲ್ಲಿ ಸತ್ತ ಅಂದುಕೊಂಡ ಕವಿ ತನ್ನದೇ ಶ್ರದ್ಧಾಂಜಲಿ ಸಭೆಗೆ ಬಂದು ಬಾಗಿಲಲ್ಲಿ ಕೈಚಾಚಿ ನಿಲ್ಲುತ್ತಾನೆ. ಬೆಳಕು ಹಿಂದಿನಿಂದ, ಮುಖ ಕಪ್ಪು, ಶಿಲುಬೆಗೇರಿಸಿದ ಹಾಗೆ ಆಕೃತಿ. 1959ರ 'ಕಾಗಜ್ ಕೆ ಫೂಲ್'ನಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತೆ. ಅದು ದೀಪ ಅಲ್ಲ, ಹೊರಗಿನ ಬಿಸಿಲು. ಎರಡು ದೊಡ್ಡ ಕನ್ನಡಿಗಳಿಂದ ಅದನ್ನು ತಿರುಗಿಸಿ ಒಳಗೆ ತಂದರು. ಇಬ್ಬರು ಪ್ರೇಮಿಗಳು ದೂರದೂರ ನಿಂತೇ ಇರುತ್ತಾರೆ, ಅವರ ಆತ್ಮಗಳು ಮಾತ್ರ ಎದ್ದು ಆ ಬೆಳಕಿನಲ್ಲಿ ಸೇರುತ್ತವೆ. ಬೆಳಕು ಇಲ್ಲಿ ಸಿಗದೇ ಹೋದ ಬದುಕು. ಮೂರ್ತಿ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರು.

ಅದೇ ಕಾಲದಲ್ಲಿ ಬಂಗಾಳದ ಛಾಯಾಗ್ರಾಹಕ ಸುಬ್ರತ ಮಿತ್ರ ಪೂರ್ತಿ ಉಲ್ಟಾ ದಾರಿ ಹಿಡಿದರು. ಸತ್ಯಜಿತ್ ರೇ ಅವರ 1956ರ 'ಅಪರಾಜಿತೋ'ಗೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಮೇಲೆ ಬಿಳಿ ಬಟ್ಟೆ ಹರಡಿ, ದೀಪಗಳನ್ನು ಅದಕ್ಕೆ ತಿರುಗಿಸಿ, ಅಲ್ಲಿಂದ ಮೆತ್ತಗೆ ಬೆಳಕು ಇಳಿಯುವಂತೆ ಮಾಡಿದರು. ಗಟ್ಟಿ ನೆರಳೇ ಇಲ್ಲ. ಯಾರ ಮುಖವೂ ಅರ್ಧ ಕಪ್ಪು ಅರ್ಧ ಬಿಳಿ ಅಲ್ಲ. ಈ ಮನುಷ್ಯ ಒಳ್ಳೆಯವನು, ಆ ಮನುಷ್ಯ ಕೆಟ್ಟವನು ಅಂತ ಬೆಳಕು ತೀರ್ಪು ಕೊಡಲು ಒಪ್ಪೋದಿಲ್ಲ. ಸಾಂಕೇತಿಕತೆ ಬೇಡ ಅನ್ನುವುದೂ ಒಂದು ನಿಲುವು, ಮತ್ತು ರೇ ಅವರ ಕತೆಗಳಿಗೆ ಅದು ಬೇಕಿತ್ತು.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: "ಆಗ ಬೇರೆ ದಾರಿ ಇರಲಿಲ್ಲ, ಕಪ್ಪು-ಬಿಳುಪಿನಲ್ಲಿ ಮಾಡಿದರು. ಈಗ ಯಾಕೆ ಮಾಡುತ್ತಾರೆ?"

ಒಳ್ಳೆಯ ಪ್ರಶ್ನೆ. ನಡುವೆ ಒಂದು ಕಾಲ ಇತ್ತು, ಎರಡೂ ಇದ್ದವು. 1939ರಿಂದ 1960ರ ದಶಕದ ನಡುವಿನವರೆಗೆ ಆಸ್ಕರ್‌ನಲ್ಲಿ ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ಬೇರೆ, ಕಲರ್‌ಗೆ ಬೇರೆ ಪ್ರಶಸ್ತಿ ಕೊಡುತ್ತಿದ್ದರು, ನಡುವೆ ಒಂದೇ ಒಂದು ವರ್ಷ ಮಾತ್ರ ಹಾಗಿರಲಿಲ್ಲ. ಆಗ ಬಣ್ಣ ಅಂದರೆ ಕನಸು, ಹಾಡು, ಮಾಯಾಲೋಕ. ಸುದ್ದಿಚಿತ್ರಗಳು ಬರುತ್ತಿದ್ದದ್ದು ಕಪ್ಪು-ಬಿಳುಪಿನಲ್ಲಿ, ಹಾಗಾಗಿ ಅದೇ ನಿಜ. 1939ರ 'ದಿ ವಿಜರ್ಡ್ ಆಫ್ ಆಜ್'ನಲ್ಲಿ ಹಳ್ಳಿ ಮಂಕು ಕಂದು, ಮಾಯಾಲೋಕ ಬಣ್ಣಬಣ್ಣ. 1946ರ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಇದನ್ನು ಚೇಷ್ಟೆಯಿಂದ ತಿರುಗಿಸಿತು: ಭೂಮಿಗೆ ಬಣ್ಣ, ಪರಲೋಕಕ್ಕೆ ಬಣ್ಣವೇ ಇಲ್ಲ. ಟೀವಿ, ಸುದ್ದಿ ಎಲ್ಲ ಕಲರ್ ಆದ ಮೇಲೆ ಲೆಕ್ಕ ಬದಲಾಯಿತು. ಈಗ ಕಪ್ಪು-ಬಿಳುಪು ಅಂದರೆ ಹಳೆಯ ಕಾಲ, ದಾಖಲೆ, ನೆನಪು. ನಾಜಿಗಳು ಮಾಡಿದ ಯಹೂದಿಗಳ ನರಮೇಧದ ಕಾಲದ ಕತೆ ಹೇಳುವ 1993ರ 'ಶಿಂಡ್ಲರ್ಸ್ ಲಿಸ್ಟ್' ಆ ದಾಖಲೆಯ ಗುಣವನ್ನೇ ಬಳಸಿಕೊಂಡಿತು, ಒಂದು ಮಗುವಿನ ಕೆಂಪು ಕೋಟು ನಮ್ಮ ಕಣ್ಣನ್ನು ಹಿಡಿದು ಎಳೆಯುವುದು ಸುತ್ತ ಬಣ್ಣ ಇಲ್ಲದ್ದರಿಂದಲೇ. 2023ರ 'ಒಪನ್‌ಹೈಮರ್'ನಲ್ಲಿ ವಿಜ್ಞಾನಿಯ ಕಣ್ಣಿನ ಕತೆ ಬಣ್ಣದಲ್ಲಿ, ಅವನ ವಿರೋಧಿ ಸ್ಟ್ರಾಸ್ ಕಡೆಯಿಂದ ಬರುವ ಕತೆ ಕಪ್ಪು-ಬಿಳುಪಿನಲ್ಲಿ. ಐಮ್ಯಾಕ್ಸ್ ಅನ್ನುವ ಭಾರೀ ದೊಡ್ಡ ತೆರೆಯ ಅಳತೆಗೆ ಅಂಥ ಕಪ್ಪು-ಬಿಳುಪು ಫಿಲ್ಮ್ ಇರಲೇ ಇಲ್ಲ, ಫಿಲ್ಮ್ ತಯಾರಿಸುವ ಕೊಡಾಕ್ ಕಂಪನಿ ಹೊಸದಾಗಿ ಮಾಡಿಕೊಟ್ಟಿತು. ಎಲ್ಲರೂ ಹೀಗೆ ಯೋಚಿಸಿ ಮಾಡುತ್ತಾರೆ ಅಂತ ನಾನು ಹೇಳೋದಿಲ್ಲ. ಗಂಭೀರ ಕಾಣಲಿ ಅಂತ ಬಣ್ಣ ತೆಗೆಯುವವರೂ ಬೇಕಾದಷ್ಟಿದ್ದಾರೆ.

ಇನ್ನೊಬ್ಬ ಹುಡುಗ ಕೇಳಿದ: "ಫೋನಿನಲ್ಲಿ ಫಿಲ್ಟರ್ ಹಾಕಿದರೂ ಕಪ್ಪು-ಬಿಳುಪು ಬರುತ್ತಲ್ಲ ಸಾರ್, ಅದು ಮೋಸಾನಾ?"

ಮೋಸ ಏನಿಲ್ಲಪ್ಪ. ಮೈಕೆಲ್ ಹಾನೆಕೆ ಅವರ 2009ರ 'ದಿ ವೈಟ್ ರಿಬ್ಬನ್' ಕಲರ್ ಫಿಲ್ಮಿನಲ್ಲೇ ಚಿತ್ರಿಸಿ ಆಮೇಲೆ ಬಣ್ಣ ತೆಗೆದದ್ದು. ಅದರಲ್ಲಿ ಮಕ್ಕಳ ತೋಳಿಗೆ ಶುದ್ಧವಾಗಿರಿ ಅಂತ ಬಿಳಿ ಪಟ್ಟಿ ಕಟ್ಟುತ್ತಾರೆ, ಆ ಬಿಳಿ ಶಿಕ್ಷೆಯ ಗುರುತು. 2019ರ 'ದಿ ಲೈಟ್‌ಹೌಸ್'ನವರು ಇನ್ನೊಂದು ದಾರಿ ಹಿಡಿದರು. ಕಪ್ಪು-ಬಿಳುಪು ಫಿಲ್ಮಿಗೆ ಕೆಂಪು ಬೆಳಕನ್ನು ತಡೆಯುವ ಫಿಲ್ಟರನ್ನು ಬೇಕಂತಲೇ ಮಾಡಿಸಿ, ಆ ಹಳೆಯ ಆರ್ಥೋಕ್ರೊಮ್ಯಾಟಿಕ್ ನೋಟವನ್ನು ವಾಪಸ್ ತಂದರು. ಕೆಂಪು ಕಳೆದರೆ ಬಿಳಿಯರ ಚರ್ಮದ ಒಂದೊಂದು ಕಲೆಯೂ ಕಪ್ಪಾಗಿ ಏಳುತ್ತೆ, ನಟರ ಮುಖ ಗಾಳಿಗೆ ಬಿರುಕು ಬಿಟ್ಟ ಮರದ ಹಾಗೆ ಕಾಣುತ್ತೆ. ನೀನೂ ಮಾಡಿ ನೋಡಬಹುದು. ಆಕಾಶ, ಗಿಡ, ಒಂದು ಮುಖ, ಮೂರೂ ಇರುವ ಕಲರ್ ಫೋಟೋ ತೆಗಿ. ಫೋಟೋ ತಿದ್ದುವ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಕೆಂಪು ಮತ್ತು ನೀಲಿಯ ಪಟ್ಟಿಗಳನ್ನು ಬೇರೆಬೇರೆಯಾಗಿ ಆಚೀಚೆ ಜರುಗಿಸು. ಅದೇ ಮುಖ ಒಮ್ಮೆ ದೇವತೆ ಆಗುತ್ತೆ, ಒಮ್ಮೆ ಪೊಲೀಸರು ಹುಡುಕುತ್ತಿರುವವನ ಹಾಗೆ ಆಗುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ಯಾರಿಗಾದರೂ ತೋರಿಸು, ಇವರಲ್ಲಿ ಸುಳ್ಳು ಹೇಳೋನು ಯಾರು ಅಂತ ಕೇಳು.